ದೀಪ ಆಮೇಲೆ ಹಾಕಿಸಿ, ಮೊದಲು ಹಲಗೆ ಹಾಕಿಸಿ: ಕಲ್ಯಾಣಪುರದಿಂದ ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಉಡುಪಿ ಹತ್ತಿರದ ಸಂತೆಕಟ್ಟೆಯಲ್ಲಿ ಹೆದ್ದಾರಿ ಬಿಟ್ಟು ಪಡುವಣಕ್ಕೆ ತಿರುಗಿ ಕಲ್ಯಾಣಪುರ, ನೇಜಾರು, ಕೆಮ್ಮಣ್ಣು, ಹೂಡೆ ದಾಟಿ ಕೋಡಿ ಬೆಂಗ್ರೆಗೆ ಹೋಗುವ ದಾರಿ ನಿಮಗೆ ಗೊತ್ತೇ ಇದೆ. ಮತ ಕೇಳಲು ಬರುತ್ತೀರಿ, ಮದುವೆಗೆ ಬರುತ್ತೀರಿ, ಇಗರ್ಜಿಯ (ಚರ್ಚಿನ) ಹಬ್ಬಕ್ಕೂ ಬರುತ್ತೀರಿ. ಹಾಗಾಗಿ ಊರಿನ ಪರಿಚಯ ಮಾಡಿಕೊಡುವುದಿಲ್ಲ. ಆ ದಾರಿಯ ಎಡಬಲದಲ್ಲಿರುವ ಗದ್ದೆಗಳ ಬಗ್ಗೆ, ಅವಕ್ಕೆ ಉಪ್ಪುನೀರು ನುಗ್ಗದಂತೆ ಕಿಂಡಿ ಅಣೆಕಟ್ಟುಗಳಿಗೆ ಹೊತ್ತಿಗೆ ಸರಿಯಾಗಿ ಇಳಿಸಬೇಕಾದ ಹಲಗೆಗಳ ಬಗ್ಗೆ ಒಂದಿಷ್ಟು ಹೇಳಬೇಕಿದೆ, ಕಾರಿನ ಕಿಟಕಿಯಿಂದ ಅವು ಹಸಿರಾಗಿಯೇ ಕಾಣುತ್ತವೆ.

ಕರಾವಳಿಯ ಪ್ರವಾಸೋದ್ಯಮ, ಪರಂಪರೆ ಎಂಬ ಮಾತು ಈಗ ಎಲ್ಲ ಭಾಷಣಗಳಲ್ಲೂ ಬರುತ್ತದೆ. ದುಡ್ಡು ಬಂದಾಗ ಮಾತ್ರ ಅದು ಬೀಚಿಗೆ ಇಂಟರ್‌ಲಾಕ್, ಕೆಮ್ಮಣ್ಣಿನ ತೂಗುಸೇತುವೆಯ ಹತ್ತಿರ ಒಂದು ಸೆಲ್ಫಿ ಪಾಯಿಂಟ್, ಹಳೆಯ ಕಟ್ಟಡಗಳ ಮೇಲೆ ಬಣ್ಣದ ದೀಪ, ಇಷ್ಟಕ್ಕೇ ಮುಗಿಯುತ್ತದೆ. ಇವು ಬೇಡ ಅಂತ ಹೇಳುತ್ತಿಲ್ಲ. ಆ ಸೇತುವೆಯಾಚೆಯ ನದಿದ್ವೀಪ ತಿಮ್ಮಣ್ಣ ಕುದ್ರು ನೋಡಲು ನಾಲ್ಕು ಜನ ಬಂದರೆ ಚಹಾ ಅಂಗಡಿಯವರಿಗೂ ವ್ಯಾಪಾರ ಆಗುತ್ತದೆ. ಆದರೆ ಇಗರ್ಜಿಯ ಮುಖಕ್ಕೆ ದೀಪ ಬಿಟ್ಟು, ಅದನ್ನು ಸಾಕಿದ ಗದ್ದೆಗೆ ಉಪ್ಪುನೀರು ಬಿಟ್ಟರೆ ಪರಂಪರೆ ಉಳಿಸಿದ ಹಾಗಾಗುತ್ತದಾ?

'ಸಾಕಿದ' ಎಂದದ್ದು ಸುಮ್ನೆ ಅಲ್ಲ. ನಮ್ಮ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯ ಹುಟ್ಟು 1678ರದ್ದು. ಆಗ ಕೆಳದಿಯಲ್ಲಿ ಚೆನ್ನಮ್ಮ ರಾಣಿಯ ಕಾಲ. ಆ ವರ್ಷ ಕೆಳದಿಯವರಿಗೂ ಪೋರ್ಚುಗೀಸರಿಗೂ ಒಪ್ಪಂದವಾಯಿತು. ಇಗರ್ಜಿ ಕಟ್ಟಲು ಅನುಮತಿ ಸಿಕ್ಕ ಊರುಗಳಲ್ಲಿ ಕಲ್ಯಾಣಪುರವೂ ಒಂದು. ಆದರೆ ಪೋರ್ಚುಗೀಸರಿಗೆ ಈ ಕರಾವಳಿ ಬೇಕಾಗಿದ್ದದ್ದು ಮುಖ್ಯವಾಗಿ ಅಕ್ಕಿಗೆ. ಗೋವಾದಲ್ಲಿ ಬೆಳೆಯುತ್ತಿದ್ದ ಭತ್ತ ಅವರಿಗೆ ಸಾಲುತ್ತಿರಲಿಲ್ಲ. ಬಸ್ರೂರು, ಬಾರ್ಕೂರು, ಮಂಗಳೂರಿನ ಅಕ್ಕಿ ಹಡಗು ತುಂಬಿ ಹೋಗಬೇಕಿತ್ತು. ಅತ್ತ ಗೋವಾ ಬಿಟ್ಟು ಬಂದ ಕೊಂಕಣಿ ಕ್ರೈಸ್ತರಿಗೆ ಕೆಳದಿ ಅರಸರು ಇಲ್ಲಿ ನೆಲೆ ಕೊಟ್ಟದ್ದೂ ಅವರು ಬೇಸಾಯ ಬಲ್ಲವರು ಎಂದೇ. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಸೆರೆ ಹೋದ ಕರಾವಳಿಯ ಕ್ರೈಸ್ತರಲ್ಲಿ ಉಳಿದವರು 1799ರ ನಂತರ ಮರಳಿದರು. ಮತ್ತೆ ಹಿಡಿದದ್ದು ನೇಗಿಲನ್ನೇ. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಆದಾಗ ನಮ್ಮ ಇಗರ್ಜಿ ಅದರ ಪ್ರಧಾನ ದೇವಾಲಯವಾಯಿತು. ಖುಷಿಯ ವಿಷಯವೇ. ಆದರೆ ಇದರ ಒಳಗಿರುವುದು ಈಗಲೂ ಒಂದು ಹಳ್ಳಿಯ ಫಿರ್ಗಜ್, ಅಂದರೆ ಒಂದು ಇಗರ್ಜಿಗೆ ಸೇರಿದ ಊರು. ಅದಕ್ಕೆ ವಾಡೊಗಳಿವೆ (ವಾರ್ಡುಗಳು), ವಾಡೊಗೊಬ್ಬ ಗುರ್ಕಾರ್ (ಮುಖಂಡ) ಇದ್ದಾನೆ. ಒಂದು ವಾಡೊದ ತುದಿ ಎಲ್ಲಿ ಅಂತ ಕೇಳಿದರೆ ಹಿರಿಯರು ಇವತ್ತಿಗೂ ತೋಡು (ಸಣ್ಣ ಹಳ್ಳ), ಕಟ್ಟಪುಣಿ (ಗದ್ದೆಯ ಬದು) ತೋರಿಸಿಯೇ ಹೇಳುತ್ತಾರೆ.

ಸೆಪ್ಟೆಂಬರ್ 8ಕ್ಕೆ ನಮಗೆ ಮೊಂತಿ ಫೆಸ್ತ್, ಮಾತೆ ಮರಿಯಳ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಒಂಬತ್ತು ದಿನ ಮಕ್ಕಳು ಮಾತೆ ಮರಿಯಳಿಗೆ ಹೂ ಹಾಕುತ್ತಾರೆ. ಹಬ್ಬದ ದಿನ ಭತ್ತದ ತೆನೆಯನ್ನು ಆಶೀರ್ವದಿಸಿ, ಮೆರವಣಿಗೆಯಲ್ಲಿ ತಂದು, ಮನೆಮನೆಗೆ ಹಂಚುತ್ತಾರೆ. ಮನೆಯಲ್ಲಿ ಹಿರಿಯರು ಹೊಸ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕುತ್ತಾರೆ. ಅವತ್ತು ಮೀನಿಲ್ಲ, ಮಾಂಸ ಇಲ್ಲ, ಬಾಳೆ ಎಲೆಯ ಮೇಲೆ ಬರೀ ತರಕಾರಿ ಊಟ. ಮುಂಬೈ, ದುಬೈನಲ್ಲಿರುವ ಮಕ್ಕಳಿಗೆ ಆ ಕಾಳನ್ನು ಒಣಗಿಸಿ, ಪುಡಿ ಮಾಡಿ, ಕಾಗದದಲ್ಲಿ ಕಟ್ಟಿ ಕಳಿಸುವ ಅಮ್ಮಂದಿರು ಈಗಲೂ ಇದ್ದಾರೆ. ಪಕ್ಕದ ತುಳು ಮನೆಗಳಲ್ಲಿ ಅದೇ ತೆನೆ ತಂದು ಕಂಬಕ್ಕೆ, ಬಾಗಿಲಿಗೆ ಕಟ್ಟುತ್ತಾರೆ, ಹೊಸ ಅಕ್ಕಿ ಊಟ ಮಾಡುತ್ತಾರೆ. ದೇವರು ಬೇರೆ ಇರಬಹುದು, ಗದ್ದೆ ಒಂದೇ. ಈಗ ಎಷ್ಟೋ ಕಡೆ ಹಬ್ಬಕ್ಕೆ ಬೇಕಾದ ತೆನೆಯನ್ನು ದೂರದ ಊರಿನಿಂದ ತರಿಸುತ್ತಾರೆ. ನಮ್ಮಲ್ಲೂ ಆ ದಿನ ಬರಬಾರದು ಅಂತಲೇ ಈ ಪತ್ರ.

ತೊಂದರೆ ಎಲ್ಲಿದೆ ಅಂದರೆ ಕಿಂಡಿ ಅಣೆಕಟ್ಟಿನಲ್ಲಿ. ನಿಮಗೆ ಗೊತ್ತಿರುವುದೇ, ಆದರೂ ಒಮ್ಮೆ ಹೇಳುತ್ತೇನೆ. ಮಳೆ ನಿಂತ ಮೇಲೆ ಸ್ವರ್ಣಾ ನದಿಯ ಸೆಳೆತ ಕಮ್ಮಿಯಾಗುತ್ತದೆ. ಆಗ ಭರತದ (ಸಮುದ್ರದ ಉಬ್ಬರದ) ಉಪ್ಪುನೀರು ಬೆಂಗ್ರೆಯ ಅಳಿವೆಯಿಂದ ಒಳಗೆ ನುಗ್ಗಿ, ಹೊಳೆಯಿಂದ ತೋಡಿಗೆ, ತೋಡಿನಿಂದ ಬೈಲಿಗೆ (ತಗ್ಗಿನ ಗದ್ದೆಗಳಿಗೆ) ಏರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಇನ್ನೂ ಜಾಸ್ತಿ. ಹಿಂದೆ ಊರವರೇ ಸೇರಿ ಮಣ್ಣಿನ ಕಟ್ಟ ಹಾಕುತ್ತಿದ್ದರು. ಈಗ ತೋಡಿಗೆ ಅಡ್ಡಲಾಗಿ ಕಾಂಕ್ರೀಟಿನ ಕಿಂಡಿಗಳಿವೆ. ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಬೇಕು. ನವೆಂಬರ್ ಕೊನೆಯ ಹೊತ್ತಿಗೆ ಇಳಿಸಬೇಕು, ಮಳೆಗಾಲಕ್ಕೆ ಮೊದಲು ತೆಗೆಯಬೇಕು. ಇಷ್ಟೇ ಕೆಲಸ. ಇದಕ್ಕೆ ಇಂಜಿನಿಯರಿಂಗ್ ಪದವಿ ಬೇಡ, ಕ್ಯಾಲೆಂಡರ್ ಸಾಕು.

ಆದರೆ ನಡೆಯುವುದೇ ಬೇರೆ. ಒಂದು ಸಲ ನಾವು ಕೆಲವರು ಹಲಗೆ ಯಾವಾಗ ಬರುತ್ತದೆ ಅಂತ ವಿಚಾರಿಸಲು ಹೋದೆವು. ಒಂದು ಕಚೇರಿಯವರು ಇನ್ನೊಂದು ಕಚೇರಿ ತೋರಿಸಿದರು. ಅಲ್ಲಿಯವರು ಗುತ್ತಿಗೆದಾರನ ಹೆಸರು ಹೇಳಿದರು. ಗುತ್ತಿಗೆದಾರ ಬಿಲ್ಲು ಪಾಸಾಗಿಲ್ಲ ಎಂದ. ಕೊನೆಗೂ ತಡವಾಗಿ ಹಲಗೆ ಬಿದ್ದಾಗ ತೋಡಿನ ನೀರು ಬಾಯಿಗೆ ಹಾಕಿದರೆ ಉಪ್ಪು. ಉಪ್ಪನ್ನು ಒಳಗೆ ಬಿಟ್ಟುಕೊಂಡು ಬಾಗಿಲು ಹಾಕಿದ ಹಾಗಾಯಿತು! ಸುಗ್ಗಿ ಬೆಳೆಯ (ಎರಡನೇ ಭತ್ತದ ಬೆಳೆಯ) ಆಸೆ ಅಲ್ಲಿಗೇ ಬಿಟ್ಟೆವು. ಉದ್ದು, ನೆಲಗಡಲೆ ಹಾಕುವ ಧೈರ್ಯವೂ ಬರಲಿಲ್ಲ. ಮಾರ್ಚ್ ಹೊತ್ತಿಗೆ ಬಾವಿಗಳೂ ಹೋದವು. ಆಮೇಲೆ ಟ್ಯಾಂಕರ್. ಹಲಗೆಗೆ ಇಲ್ಲದ ದುಡ್ಡು ಟ್ಯಾಂಕರಿಗೆ ಮಾತ್ರ ಎಲ್ಲಿಂದ ಬರುತ್ತದೋ ದೇವರಿಗೇ ಗೊತ್ತು.

ಗದ್ದೆ ಹಡಿಲು (ಪಾಳು) ಬೀಳುವುದಕ್ಕೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಮಕ್ಕಳು ಕೊಲ್ಲಿಯಲ್ಲಿದ್ದಾರೆ, ನಾಟಿಗೆ ಜನ ಸಿಗುವುದಿಲ್ಲ, ನವಿಲಿನ ಕಾಟ ಬೇರೆ. 2021ರಲ್ಲಿ ಉಡುಪಿ ಸುತ್ತಮುತ್ತ ಹಡಿಲು ಗದ್ದೆಗಳಲ್ಲಿ ಮತ್ತೆ ನಾಟಿ ಮಾಡುವ ಅಭಿಯಾನ ನಡೆಯಿತಲ್ವಾ, ಆಗ ಕೆಸರಿಗಿಳಿಯಲು ಊರಿನ ಯುವಕರು ಹಿಂದೆ ಮುಂದೆ ನೋಡಲಿಲ್ಲ. ಮನಸ್ಸಿದೆ ಅನ್ನುವುದು ಗೊತ್ತಾಯಿತು. ಬೀಜವೂ ಇದೆ, ಬ್ರಹ್ಮಾವರದ ಸಂಶೋಧನಾ ಕೇಂದ್ರದ ಕೆಂಪಕ್ಕಿ ತಳಿ 'ಸಹ್ಯಾದ್ರಿ ಪಂಚಮುಖಿ' ನಮ್ಮ ಹೊಳೆಯಾಚೆಯೇ ಸಿಗುತ್ತದೆ. ಆದರೆ ಒಮ್ಮೆ ಉಪ್ಪು ಕುಡಿದ ಬೈಲಿಗೆ ಇಳಿಯಲು ಎರಡನೇ ವರ್ಷ ಯಾರನ್ನೂ ಒಪ್ಪಿಸಲಾಗುವುದಿಲ್ಲ.

ಹೊಳೆಯ ವಿಷಯವನ್ನೂ ಎತ್ತಲೇಬೇಕು. ಉಡುಪಿ ನಗರಕ್ಕೆ ಕುಡಿಯುವ ನೀರು ಬರುವುದು ಇದೇ ಸ್ವರ್ಣೆಯ ಬಜೆ ಅಣೆಕಟ್ಟಿನಿಂದ. ಬೇಸಿಗೆಯಲ್ಲಿ ಅಲ್ಲಿ ನೀರು ನಿಲ್ಲಿಸಿದ ಮೇಲೆ ಕೆಳಗೆ ನಮಗೆ ಸಿಹಿನೀರು ಎಷ್ಟು ಬಂದೀತು? ನಗರಕ್ಕೆ ನೀರು ಬೇಡ ಎನ್ನುವಷ್ಟು ಕಲ್ಲುಮನಸ್ಸು ನಮ್ಮದಲ್ಲ. ಹಾಗಾದರೆ ಅದರ ಬೆಲೆ ತೆರುತ್ತಿರುವ ಕೆಳಗಿನ ಊರುಗಳಿಗೆ ಹಲಗೆಯನ್ನಾದರೂ ಹೊತ್ತಿಗೆ ಸರಿಯಾಗಿ ಕೊಡಬೇಕಲ್ಲ. ಇನ್ನು ಮರಳು. ದಿಬ್ಬ ತೆರವು ಎಂಬ ಹೆಸರಲ್ಲಿ ಅನುಮತಿ ಕೊಡುವಾಗ ಹೊಳೆಯ ತಳ ಎಷ್ಟು ಆಳವಾಯಿತು ಅಂತ ಅಳೆದು ಊರವರಿಗೆ ತೋರಿಸಿ. ತಳ ಆಳವಾದಷ್ಟೂ ಉಪ್ಪುನೀರು ಮೇಲೆ ಬರುತ್ತದೆ. ಮರುವಾಯಿ (ಹೊಳೆಯ ಚಿಪ್ಪು) ಹೆಕ್ಕಿ ಸಂಸಾರ ನಡೆಸುವ ಹೆಂಗಸರನ್ನು ಕೇಳಿದರೆ ಹೊಳೆ ಎಲ್ಲಿ ಕೆಟ್ಟಿದೆ ಅಂತ ನಿಮ್ಮ ನಕ್ಷೆಗಿಂತ ಚೆನ್ನಾಗಿ ಹೇಳುತ್ತಾರೆ. ಅವರನ್ನು ಯಾವ ಸಭೆಗೂ ಕರೆಯುವುದಿಲ್ಲ, ಅದು ಬೇರೆ ಮಾತು.

ಭತ್ತದ ಖರೀದಿ ಕೇಂದ್ರದ ಬಗ್ಗೆ ಒಂದೇ ಮಾತು. ನಮ್ಮ ಕೊಯ್ಲು ಅಕ್ಟೋಬರಿನಲ್ಲಿ. ಕರಾವಳಿಯ ಮನೆಗಳಲ್ಲಿ ಭತ್ತ ಒಣಗಿಸಿ ತಿಂಗಳುಗಟ್ಟಲೆ ಇಡಲು ಜಾಗ ಇಲ್ಲ. ಕಟಾವು ಯಂತ್ರದ ಬಾಡಿಗೆಯೂ ಕೂಡಲೇ ಕೊಡಬೇಕು. ಕೇಂದ್ರ ತೆರೆಯುವಷ್ಟರಲ್ಲಿ ಭತ್ತ ಮಿಲ್ಲು ಸೇರಿರುತ್ತದೆ. ಇಲ್ಲಿನ ಕುಚ್ಚಲಕ್ಕಿಯನ್ನೇ ಇಲ್ಲಿನ ರೇಷನ್ ಅಂಗಡಿಗೆ ಕೊಡುತ್ತೇವೆ ಎಂಬ ಭರವಸೆಯನ್ನು ಬೇರೆ ಬೇರೆ ಪಕ್ಷದವರ ಬಾಯಲ್ಲಿ ಕೇಳಿ ಆಗಿದೆ. ಅದಕ್ಕೂ ಕ್ಯಾಲೆಂಡರೇ ಅಡ್ಡ ಬರುತ್ತಿದೆ.

ಹಾಗಾಗಿ ನಾನು ಕೇಳುವುದು ದೊಡ್ಡ ಯೋಜನೆ ಅಲ್ಲ. ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಯೋಜನೆಯಲ್ಲಿ ನದಿದಂಡೆ ಕಟ್ಟಿಸುವುದಾದರೆ ಕಟ್ಟಿಸಿ, ಸಂತೋಷ. ಅದು ಆಗುವವರೆಗೆ ಕಲ್ಯಾಣಪುರದಿಂದ ಪಡುತೋನ್ಸೆಯವರೆಗಿನ ಪ್ರತಿ ಕಿಂಡಿಗೂ ಹಲಗೆ ಇಳಿಸುವ ದಿನ, ತೆಗೆಯುವ ದಿನ, ಹೊಣೆ ಹೊತ್ತವರ ಹೆಸರು ಬರೆದು ಪಂಚಾಯತ್ ಬೋರ್ಡಿಗೆ ಹಾಕಿಸಿ. ಹಲಗೆಯನ್ನು ಆಯಾ ಬೈಲಿನ ರೈತರ ಸುಪರ್ದಿಗೆ ಕೊಟ್ಟು, ಕೂಲಿ ಕೊಡಿ. ನೀರು ಯಾವಾಗ ತಿರುಗುತ್ತದೆ ಎಂದು ಅವರಿಗೆ ಗೊತ್ತು. ಗುರ್ಕಾರರು, ದೈವಸ್ಥಾನದ ಸಮಿತಿಯವರು, ಹೂಡೆಯ ಜಮಾಅತಿನವರು ಒಟ್ಟಿಗೆ ಕೂತು ಕೆಲಸ ಹಂಚಿಕೊಳ್ಳುವುದು ಇಲ್ಲಿ ಕಷ್ಟವೇನೂ ಅಲ್ಲ. ದುಡ್ಡಿಗೆ ಬೇರೆ ತಲೆಬರಹ ಸಿಗದಿದ್ದರೆ ಪ್ರವಾಸೋದ್ಯಮದ ಅನುದಾನದಲ್ಲೇ ಸ್ವಲ್ಪ ಎತ್ತಿಡಲು ದಾರಿ ಇದೆಯಾ ನೋಡಿ. ನೋಡಲು ಬರುವವರಿಗೂ ಗದ್ದೆ ಇದ್ದರೇ ಚೆಂದ.

ನವೆಂಬರ್ ಮೊದಲ ವಾರದೊಳಗೆ ನಿಮ್ಮ ಉತ್ತರ ಬಂದರೆ ಉಪಕಾರ. ಡಿಸೆಂಬರಿನಲ್ಲಿ ಬರೆದರೆ ಓದಲು ನಮಗೆ ಪುರುಸೊತ್ತು ಇರುತ್ತದೆ, ಗದ್ದೆಯಲ್ಲಿ ಕೆಲಸ ಇರುವುದಿಲ್ಲವಲ್ಲ.

ಇಂತಿ,
ಕಲ್ಯಾಣಪುರ ಇಗರ್ಜಿಯ ವ್ಯಾಪ್ತಿಯ ಒಬ್ಬ ಬೇಸಾಯಗಾರ