ಕ್ವಾಯರ್ ಮಾಸ್ಟರ್ ಆದ ಗೆಳೆಯನಿಗೆ, ಡ್ರೆಸ್ಡೆನ್‌ನಿಂದ

ಪ್ರಿಯ ಗೆಳೆಯ,

ಚರ್ಚಿನ ಕ್ವಾಯರ್ ನಿನ್ನ ಕೈಗೆ ಬಂತು ಎಂದು ಓದಿ ತುಂಬಾ ಸಂತೋಷವಾಯಿತು ಮಾರಾಯ. ಚೆನ್ನಾಗಿ ಹಾಡುವ ಹುಡುಗರೆಲ್ಲ ಪಿಯುಸಿ ಮುಗಿದದ್ದೇ ಬೆಂಗಳೂರಿಗೆ ಹೊರಡುತ್ತಾರೆ, ಪ್ರತಿ ವರ್ಷ ಮೊದಲಿನಿಂದ ಕಲಿಸಬೇಕು ಎಂದು ಬೇಸರ ಮಾಡಿಕೊಂಡಿದ್ದೀ. ನನಗೆ ಕೂಡಲೇ ಜರ್ಮನಿಯ ಈ ಊರಿನಲ್ಲಿ ಹಿಂದೆ ಕ್ವಾಯರ್ ಮಾಸ್ಟರ್ ಆಗಿದ್ದ ರುಡಾಲ್ಫ್ ಮೌವರ್ಸ್‌ಬರ್ಗರ್ ನೆನಪಾದರು. ಅವರ ವಿಷಯ ನಿನಗೆ ಹೇಳಲೇಬೇಕು.

ಅವರು ಹುಟ್ಟಿದ್ದು 1889ರಲ್ಲಿ, ಜೆಕ್ ಗಡಿಯ ಕಡೆಯ ಬೆಟ್ಟಸಾಲಿನ ಮೌವರ್ಸ್‌ಬರ್ಗ್ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿನ ಶಾಲೆಯ ಮಾಸ್ತರರು, ಚರ್ಚಿನಲ್ಲಿ ಹಾಡಿಸುವವರೂ ಅವರೇ. ಮಗ ಲೈಪ್‌ಜಿಗ್‌ನಲ್ಲಿ ಸಂಗೀತ ಕಲಿತು, ಆಖೆನ್ ಮತ್ತು ಐಸೆನಾಖ್‌ನಲ್ಲಿ ಕೆಲಸ ಮಾಡಿ, 1930ರಲ್ಲಿ ಡ್ರೆಸ್ಡೆನ್‌ನ ಕ್ರಾಯ್ಟ್ಸ್‌ಕೋರ್‌ಗೆ ಬಂದರು. ಕ್ರಾಯ್ಟ್ಸ್‌ಕಿರ್ಖೆ ಎಂಬ ಚರ್ಚಿನ ಹುಡುಗರ ಕ್ವಾಯರ್ ಅದು, ಏಳುನೂರು ವರ್ಷಕ್ಕೂ ಹಳೆಯದು. 1971ರ ಫೆಬ್ರವರಿಯಲ್ಲಿ ತೀರಿಕೊಳ್ಳುವವರೆಗೂ ಅವರು ಅದನ್ನು ಬಿಡಲಿಲ್ಲ. ಅಲ್ಲಿ ಸೋಪ್ರಾನೊ, ಆಲ್ಟೊ ಎಂಬ ಎತ್ತರದ ದನಿಗಳನ್ನು ಹಾಡುವವರೂ ಹುಡುಗರೇ. ನಾಲ್ಕೈದು ವರ್ಷ ತಿದ್ದಿ ತೀಡಿದ ಸೋಪ್ರಾನೊ ಒಂದು ದಿನ ದನಿ ಒಡೆದು ಸಾಲಿನಿಂದ ಹೊರಗೆ. ಮುಂದೆ ಗಂಡಸರ ದನಿಗಳಾದ ಟೆನರೋ ಬಾಸೋ ಆಗಿ ಪಳಗುವಷ್ಟರಲ್ಲಿ ಶಾಲೆಯೇ ಮುಗಿದಿರುತ್ತದೆ. ಮೌವರ್ಸ್‌ಬರ್ಗರ್ ನಲವತ್ತು ವರ್ಷ ಇದನ್ನೇ ಮಾಡಿದರು, ಬಿಟ್ಟು ಹೋಗುವವರಿಗೆ ಕಲಿಸುವುದು.

1933ರಲ್ಲಿ ಅವರು ನಾಜಿ ಪಕ್ಷದ ಸದಸ್ಯರಾದರು. ಅದನ್ನು ಮುಚ್ಚಿಟ್ಟು ಅವರನ್ನು ಹೊಗಳಲು ನನಗೆ ಮನಸ್ಸಿಲ್ಲ. ಕ್ವಾಯರನ್ನು ಚರ್ಚಿನ ಸಂಗೀತದಲ್ಲೇ ಉಳಿಸಿಕೊಳ್ಳಲು ಹೆಣಗಿದರು ಎಂಬುದೂ ನಿಜ, ಆದರೆ ಒಂದರಿಂದ ಇನ್ನೊಂದು ಅಳಿಸಿಹೋಗುವುದಿಲ್ಲ.

ಆಮೇಲೆ 1945ರ ಫೆಬ್ರವರಿ 13 ಬಂತು. ಮರುದಿನ ಬೂದಿ ಬುಧವಾರ, ಈಸ್ಟರಿಗೆ ಮುಂಚಿನ ಉಪವಾಸದ ಕಾಲ ಶುರುವಾಗುವ ದಿನ. ಆ ರಾತ್ರಿಯಿಂದ ಸುರಿದ ಬಾಂಬಿಗೆ ಇಡೀ ನಗರ ಹೊತ್ತಿ ಉರಿಯಿತು. ಸತ್ತವರು ಸುಮಾರು 25,000. ಚರ್ಚು, ಶಾಲೆ, ಹುಡುಗರ ಹಾಸ್ಟೆಲ್ಲು, ಸಂಗೀತದ ಹಸ್ತಪ್ರತಿಗಳು ಎಲ್ಲ ಸುಟ್ಟುಹೋದವು. ಅವರ ಕ್ವಾಯರ್‌ನ 11 ಹುಡುಗರು ಸತ್ತರು. ದನಿ ಒಡೆದು ಹೊರಟವರಲ್ಲ ಮಾರಾಯ, ಸತ್ತವರು.

ಬದುಕಿ ಉಳಿದ ಮೌವರ್ಸ್‌ಬರ್ಗರ್ ಹುಟ್ಟಿದ ಹಳ್ಳಿಗೆ ಹೋದರು. ಅದೇ ವರ್ಷದ ಶುಭ ಶುಕ್ರವಾರ ಮತ್ತು ಮರುದಿನ ಶನಿವಾರ ಕುಳಿತು ಒಂದು ಹಾಡು ಬರೆದರು. ಮಾತುಗಳು ಅವರವಲ್ಲ, ಹಾಳಾದ ಜೆರುಸಲೇಮಿಗಾಗಿ ಅಳುವ, ಬೈಬಲಿನ ಪ್ರಲಾಪಗಳ ಪುಸ್ತಕದವು. ಬೇರೆಬೇರೆ ಅಧ್ಯಾಯಗಳಿಂದ ಬೇಕಾದ ವಚನಗಳನ್ನಷ್ಟೇ ಆರಿಸಿ ಜೋಡಿಸಿದ್ದಾರೆ. ಜನ ತುಂಬಿದ್ದ ನಗರ ಹಾಳುಬಿದ್ದಿದೆ ಎಂದು ಮೆಲುದನಿಯಲ್ಲಿ ಶುರುವಾಗುತ್ತದೆ. ಪವಿತ್ರಾಲಯದ ಕಲ್ಲುಗಳು ಬೀದಿಬೀದಿಗಳಲ್ಲಿ ಚೆಲ್ಲಾಡಿವೆ. ದೇವರು ಮೇಲಿನಿಂದ ಬೆಂಕಿ ಕಳುಹಿಸಿ ನನ್ನ ಎಲುಬುಗಳಿಗೆ ಹೊತ್ತಿಸಿದ್ದಾನೆ. ಎಲ್ಲಕ್ಕಿಂತ ಸುಂದರವೆಂದು ಜನ ಹೇಳುತ್ತಿದ್ದ ಊರು ಇದೇನಾ? ಡ್ರೆಸ್ಡೆನ್‌ನವರಿಗೆ ಇದರಲ್ಲಿ ಒಂದು ಮಾತನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ವಾದ್ಯ ಒಂದೂ ಇಲ್ಲ, ಬರೀ ಕಂಠ. ಬೆಂಕಿಯ ಮಾತು ಬಂದಾಗ ದನಿಗಳೆಲ್ಲ ಒಮ್ಮೆಲೇ ಉಕ್ಕುತ್ತವೆ. ಮುಂದೆ ‘ಏಕೆ’ ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ, ಏಕೆ ನಮ್ಮನ್ನು ಇಷ್ಟು ಮರೆತೆ ಎಂದು. ಅದಕ್ಕೆ ಉತ್ತರ ಕೊಡಲು ಅವರು ಹೋಗಿಲ್ಲ. ಆ ಒಂದು ಕಾರಣಕ್ಕೇ ನನಗೆ ಅವರ ಮೇಲೆ ಅಪಾರ ಗೌರವ.

ಯುದ್ಧ ಮುಗಿದ ಮೇಲೆ ಚದುರಿಹೋಗಿದ್ದ ಹುಡುಗರನ್ನು ಕೂಡಿಸಿದರು. 1945ರ ಆಗಸ್ಟ್ 4, ಶನಿವಾರ, ಸುಟ್ಟು ಕರಕಲಾಗಿದ್ದ ಅದೇ ಚರ್ಚಿನ ಗೋಡೆಗಳ ನಡುವೆ ಆ ಹಾಡನ್ನು ಹಾಡಿಸಿದರು. ಆರು ತಿಂಗಳೂ ಆಗಿರಲಿಲ್ಲ. ಸಾಲಿನಲ್ಲಿ ನಿಂತವರು ಸತ್ತ ಹುಡುಗರ ಜೊತೆಗಾರರು. ಆ ಅಭ್ಯಾಸ ಹೇಗೆ ನಡೆದಿರಬಹುದು, ಯಾರ ಗಂಟಲು ಎಲ್ಲಿ ಕಟ್ಟಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಆಮೇಲೆ ಸತ್ತವರಿಗಾಗಿ ಹಾಡುವ ‘ಡ್ರೆಸ್ಡೆನ್ ರೆಕ್ವಿಯೆಮ್’ ಬರೆದರು, ಒಂದೇ ಚರ್ಚಿನ ಬೇರೆಬೇರೆ ಜಾಗಗಳಲ್ಲಿ ನಿಂತು ಹಾಡುವ ಮೂರು ಗುಂಪುಗಳಿಗಾಗಿ. ಈಗಲೂ ಫೆಬ್ರವರಿಯಲ್ಲಿ ಅದನ್ನು ಹಾಡುತ್ತಾರೆ. ನಾನು ಕೇಳಿದ್ದೇನೆ. ಚರ್ಚನ್ನು 1955ರಲ್ಲಿ ಮತ್ತೆ ತೆರೆದಾಗ ಒಳಗೋಡೆಗೆ ಬಳಿದ ಒರಟು ಗಾರೆ ಇಂದಿಗೂ ಹಾಗೇ ಇದೆ, ನುಣುಪು ಮಾಡಿಲ್ಲ. ದೂರದ ಗುಂಪಿನ ದನಿ ಆ ಗೋಡೆಗಳ ನಡುವೆ ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ.

ಯುದ್ಧದ ನಂತರದ ಆ ಹುಡುಗರಲ್ಲಿ ಪೀಟರ್ ಶ್ರಾಯರ್ ಒಬ್ಬ. ಅವನ ಆಲ್ಟೊ ದನಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಮೌವರ್ಸ್‌ಬರ್ಗರ್ ಹಾಡುಗಳನ್ನು ಬರೆದರು. ಇನ್ನೆರಡು ಮೂರು ವರ್ಷದಲ್ಲಿ ದನಿ ಒಡೆಯುತ್ತದೆ ಎಂದು ಗೊತ್ತಿದ್ದೂ ಬರೆದರು! ಅದೇ ಹುಡುಗ ಮುಂದೆ ಜಗತ್ತೇ ಕೇಳಿದ ಟೆನರ್ ಆದ. 1970ರಲ್ಲಿ ಹಳೆಯ ಜರ್ಮನ್ ಸಂಗೀತಗಾರ ಬಾಖ್‌ನ ಮತ್ತಾಯನ ಪ್ಯಾಶನ್, ಎಂದರೆ ಮತ್ತಾಯನ ಸುವಾರ್ತೆಯಂತೆ ಯೇಸುವಿನ ಯಾತನೆಯ ಕಥೆ ಹೇಳುವ ಸಂಗೀತ, ರೆಕಾರ್ಡ್ ಆಯಿತು. ನಡೆಸಿದವರು ರುಡಾಲ್ಫ್ ಮತ್ತು ಅವರ ತಮ್ಮ ಎರ್‌ಹಾರ್ಡ್. ತಮ್ಮ ಆಗ ಲೈಪ್‌ಜಿಗ್‌ನಲ್ಲಿ ಬಾಖ್ ಕುಳಿತಿದ್ದ ಹುದ್ದೆಯಲ್ಲೇ ಇದ್ದವರು. ಸುವಾರ್ತೆ ಹೇಳುವ ಪಾತ್ರ ಶ್ರಾಯರ್‌ದು, ಯೇಸುವಿನ ದನಿ ಥಿಯೊ ಆಡಮ್‌ದು. ಇಬ್ಬರೂ ಈ ಮಾಸ್ತರರ ಕೈಯಲ್ಲಿ ಬೆಳೆದ ಹುಡುಗರು. ಎಂಬತ್ತು ದಾಟಿದ್ದ ಮಾಸ್ತರರು ಮರುವರ್ಷವೇ ತೀರಿಕೊಂಡರು.

ಆ ರೆಕಾರ್ಡಿನ ಲಿಂಕ್ ವಾಟ್ಸಾಪ್‌ನಲ್ಲಿ ಕಳುಹಿಸಿದ್ದೇನೆ. ಇಡೀ ಕೇಳಲು ಪುರುಸೊತ್ತಿಲ್ಲದಿದ್ದರೆ ಅದರಲ್ಲಿ ಬರುವ ಕೋರಾಲ್ ಎಂಬ ಚರ್ಚಿನ ಕೀರ್ತನೆಗಳನ್ನಾದರೂ ಕೇಳು. ಬಾಸೆಲ್ ಮಿಶನ್‌ನವರು ತಂದ ರಾಗಗಳನ್ನು ಹಾಡಿ ಬೆಳೆದವರು ನಾವು, ನಿನಗೆ ಹೊಸಬರ ಮನೆ ಅನ್ನಿಸಲಿಕ್ಕಿಲ್ಲ. ಪ್ರಲಾಪಗಳ ಹಾಡಿನ ಸ್ವರಲಿಪಿಯ ಪುಸ್ತಕ ಇಲ್ಲಿ ಅಂಗಡಿಯಲ್ಲಿ ಸಿಗುತ್ತದೆ. ಕೆಲವು ಕಡೆ ದನಿಗಳು ಕವಲೊಡೆಯುತ್ತವೆ, ಕಷ್ಟವಿದೆ. ಮೊದಲ ಪುಟವನ್ನಾದರೂ ನಿನ್ನವರು ಹಾಡಬಲ್ಲರು ಎಂದು ನನ್ನ ನಂಬಿಕೆ. ಈಗ ನಿನ್ನ ಹತ್ತಿರ ಟೆನರ್ ಎಷ್ಟು ಜನ, ಬಾಸ್ ಎಷ್ಟು ಜನ ಎಂದು ಬರೆ. ಅಷ್ಟು ಪ್ರತಿ ತೆಗೆದುಕೊಂಡು ಡಿಸೆಂಬರಿನಲ್ಲಿ ಬರುತ್ತೇನೆ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗೆಳೆಯ