ಮೂರು ಗಂಟೆ ಮೊದಲು ಹೇಳಿದರೆ ಸಾಕು: ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರೇ,

ರಾಜ್ಯದ ವಿಪತ್ತು ನಿರ್ವಹಣೆಯ ಹೊಣೆ ತಮ್ಮ ಇಲಾಖೆಯದಾದ್ದರಿಂದ ಈ ಪತ್ರವನ್ನು ತಮಗೇ ಬರೆಯುತ್ತಿದ್ದೇನೆ. ಭಾರತೀಯ ಹವಾಮಾನ ಇಲಾಖೆ ಪ್ರತಿದಿನ ಹೊರಡಿಸುವ ದೇಶವ್ಯಾಪಿ ಮುನ್ಸೂಚನೆಯಲ್ಲಿ ಕರ್ನಾಟಕವೆಂದರೆ ಕರಾವಳಿ, ಉತ್ತರ ಒಳನಾಡು ಮತ್ತು ದಕ್ಷಿಣ ಒಳನಾಡು ಎಂಬ ಮೂರು ವಿಭಾಗಗಳು. ಉತ್ತರ ಒಳನಾಡಿನ ಅಲ್ಲಲ್ಲಿ ಗುಡುಗು, ಬಿರುಗಾಳಿ ಸಹಿತ ಮಳೆ ಎಂದರೆ ಬೀದರಿನಿಂದ ಹಾವೇರಿಯವರೆಗೆ ಎಲ್ಲಿ ಬೇಕಾದರೂ ಆಗಬಹುದು. ಜಿಲ್ಲಾವಾರು ಹಳದಿ, ಕಿತ್ತಳೆ ಎಚ್ಚರಿಕೆಗಳಿವೆ, ನಿಜ. ಆದರೆ ಮಳೆಯ ಲೆಕ್ಕದಲ್ಲಿ ಜಿಲ್ಲೆಯೂ ದೊಡ್ಡದೇ.

ಇದು ವಿಜ್ಞಾನಿಗಳ ಮೇಲಿನ ದೂರಲ್ಲ. ಮುಂಗಾರಿನ ಮೋಡ ನೂರಾರು ಕಿಲೋಮೀಟರ್ ಹಬ್ಬಿ ದಿನಗಟ್ಟಲೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಬರುವ ಅಶ್ವಿನಿ, ಭರಣಿ ಮಳೆಗಳ ಸ್ವಭಾವವೇ ಬೇರೆ. ಕಾದ ನೆಲದ ಮೇಲೆ ಕಡಲಿನಿಂದ ಬಂದ ತೇವ ಸೇರಿ, ಮಧ್ಯಾಹ್ನ ಕಳೆಯುವಷ್ಟರಲ್ಲಿ ಮೋಡ ಎತ್ತರಕ್ಕೆ ಬೆಳೆದು, ಒಂದೂರಿಗೆ ಆಲಿಕಲ್ಲು ಸುರಿದು, ಪಕ್ಕದೂರಿಗೆ ಹನಿಯನ್ನೂ ಕೊಡದೆ ಗಂಟೆಯೊಳಗೆ ಕರಗಿಹೋಗುತ್ತದೆ. ಅದು ಇಂಥ ಹೋಬಳಿಗೇ ಬರುತ್ತದೆಂದು ಎರಡು ದಿನ ಮೊದಲೇ ಹೇಳಿ ಎಂದು ಕೇಳುವುದು ನ್ಯಾಯವಲ್ಲ. ಆದರೆ ಮುಂದಿನ ಮೂರು ಗಂಟೆಗಳ ಮುನ್ಸೂಚನೆಯನ್ನೂ ಅದೇ ಇಲಾಖೆ ಕೊಡುತ್ತದೆ. ನನ್ನ ಅಹವಾಲು ಆ ಮೂರು ಗಂಟೆಗಳ ಬಗ್ಗೆ.

ಮಾರ್ಚ್, ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಶೆಡ್‌ಗಳಲ್ಲಿ ದ್ರಾಕ್ಷಿ ಒಣಗುತ್ತಿರುತ್ತದೆ. ಒಂದು ಮಳೆ ಹೊಡೆದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ದರ ಬೀಳುತ್ತದೆ. ಎರಡು ಗಂಟೆ ಮೊದಲು ತಿಳಿದರೆ ರೈತ ತಾಡಪತ್ರಿ ಇಳಿಬಿಟ್ಟು ಕಟ್ಟಿಕೊಳ್ಳಬಲ್ಲ. ಕುರಿ ಕಾಯುವವನಿಗೆ ಅಷ್ಟೂ ಬೇಡ, ಮರದಡಿಯಿಂದ ಎದ್ದು ಹೋಗಲು ಕಾಲು ಗಂಟೆ ಸಾಕು. ಸಿಡಿಲಿನ ಸೂಚನೆ ಕೊಡುವ ‘ದಾಮಿನಿ’ ಆ್ಯಪ್ ಇದೆಯಲ್ಲ ಎಂದು ಅಧಿಕಾರಿಗಳು ಹೇಳಬಹುದು. ಅವನ ಕೈಯಲ್ಲಿರುವುದು ಬಟನ್ ಫೋನು.

ರಾಜಧಾನಿಯ ಕಥೆಯೂ ಇದರಿಂದ ದೂರವಿಲ್ಲ. 2024ರ ಏಪ್ರಿಲ್ ಇಡೀ ಬೆಂಗಳೂರು ಹನಿ ಮಳೆ ಕಾಣದೆ ಬೆಂದಿತು. ಜೂನ್ 2ರಂದು ಒಂದೇ ದಿನ 111 ಮಿ.ಮೀ. ಸುರಿಯಿತು. ಅದಕ್ಕೂ ಮೊದಲು, 2023ರ ಮೇ 21ರ ಮಧ್ಯಾಹ್ನ, ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ನಿಂತ ನೀರಿಗೆ ಕಾರು ಸಿಲುಕಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಕಿತ್ತಳೆ ಎಚ್ಚರಿಕೆ ಬಂದ ಕ್ಷಣ ಅಂಡರ್‌ಪಾಸ್‌ಗೆ ಅಡ್ಡಗಟ್ಟೆ ಇಡಬೇಕಾದವರು ಸಂಚಾರ ಪೊಲೀಸರೋ ಪಾಲಿಕೆಯ ಎಂಜಿನಿಯರೋ ಎಂಬುದು ಹುದ್ದೆಯ ಹೆಸರಿನ ಸಮೇತ ಲಿಖಿತವಾಗಿ, ಸಾರ್ವಜನಿಕರಿಗೂ ಕಾಣುವಂತೆ ಇರಬೇಕು.

ಬಿಸಿಲಿನ ಎಚ್ಚರಿಕೆಗೂ ಈ ಮಾತು ಸಲ್ಲುತ್ತದೆ. ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾಗಿ ಕರಾವಳಿಯಲ್ಲಿ 37, ಬಯಲಿನಲ್ಲಿ 40 ಡಿಗ್ರಿ ಮುಟ್ಟಿದರೆ ಬಿಸಿಗಾಳಿ ಎಂದು ಪರಿಗಣಿಸುತ್ತಾರೆ. ಆ ದಿನ ಶಾಲೆಯ ಗಂಟೆ ಎಷ್ಟಕ್ಕೆ ಹೊಡೆಯಬೇಕು, ಉದ್ಯೋಗ ಖಾತ್ರಿಯ ಕೆಲಸ ಎಷ್ಟಕ್ಕೆ ನಿಲ್ಲಬೇಕು ಎಂಬುದು ಆ ಸೂಚನೆಯಲ್ಲೇ ಇರಲಿ.

ಮೂರು ಗಂಟೆಯ ಸೂಚನೆ ಹೋಬಳಿಯ ಹೆಸರು ಹಿಡಿದು, ಕನ್ನಡದ ಧ್ವನಿ ಕರೆಯಾಗಿ ಬರಲಿ. ಯಾವ ಹೊತ್ತಿಗೆ ಏನಾಗಬಹುದು, ಏನು ಮಾಡಬೇಕು ಎಂದಷ್ಟೇ ಹೇಳಲಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೇ ಇವೆ. ಯಾವ ಎಚ್ಚರಿಕೆ ನಿಜವಾಯಿತು, ಯಾವುದು ಹುಸಿಯಾಯಿತು ಎಂಬ ಲೆಕ್ಕವನ್ನು ಮೇ ಮುಗಿದೊಡನೆ ಪ್ರಕಟಿಸುವುದು ಕಷ್ಟವಾಗಲಾರದು. ಹುಸಿಯಾದದ್ದನ್ನೂ ಒಪ್ಪಿಕೊಂಡರೆ ಮುಂದಿನ ಕರೆಯನ್ನು ಜನ ನಂಬುತ್ತಾರೆ.

ಮಾರ್ಚ್ ಕೊನೆಗೆ ರೇವತಿ ಮಳೆ ಹುಟ್ಟುತ್ತದೆ. ಅದಕ್ಕೆ ಮುಂಚೆ ಜಿಲ್ಲಾಧಿಕಾರಿಗಳಿಗೆ ಈ ಕುರಿತು ಸುತ್ತೋಲೆ ಹೊರಡಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಾಗರಿಕ