ಮಗಳಿಗೊಂದು ಪತ್ರ: ಹನ್ನೆರಡು ಲಕ್ಷದ ಲೆಕ್ಕ

ಮೈಸೂರು
17 ಮೇ 2026, ಭಾನುವಾರ

ಪ್ರೀತಿಯ ಪುಟ್ಟಿ,

ಒಂದೇ ಮನೆಯಲ್ಲಿದ್ದುಕೊಂಡು ಇದೇನಿದು ಪತ್ರ ಅಂತ ನಗಬೇಡ. ಈ ವಾರ ಮೂರು ಸಲ ನಿನ್ನ ಹತ್ತಿರ ಮಾತಾಡಬೇಕು ಅಂತ ಕೂತೆ. ಮೂರು ಸಲವೂ ಅಮ್ಮ ನಡುವೆ ಬಂದಳು, ದನಿ ಏರಿತು, ನೀನು ತಟ್ಟೆ ಎತ್ತಿಕೊಂಡು ಎದ್ದೆ. ಅದಕ್ಕೇ ಬರೆದು ನಿನ್ನ ಊಟದ ಬ್ಯಾಗಿಗೆ ಹಾಕುತ್ತಿದ್ದೇನೆ. ಚಿತ್ರಾನ್ನದ ಎಣ್ಣೆ ಹತ್ತಿದ್ದರೆ ಬೇಜಾರು ಮಾಡ್ಕೋಬೇಡ.

ಶುಕ್ರವಾರದೊಳಗೆ ನೀನು ಬೆಂಗಳೂರಿನವರಿಗೆ ಉತ್ತರ ಕೊಡಬೇಕು. ಆಫರ್ ಲೆಟರಿನ ಪ್ರಿಂಟನ್ನು ನನಗೆ ಕೊಟ್ಟು "ನೋಡಪ್ಪ" ಅಂದೆಯಲ್ಲ, ನೋಡಿದೆ. ಮೂವತ್ತೆರಡು ವರ್ಷ ಫ್ಯಾಕ್ಟರಿಯ ಸಂಬಳದ ವಿಭಾಗದಲ್ಲಿ ಊರಿನವರ ಸಂಬಳವನ್ನೆಲ್ಲ ಲೆಕ್ಕ ಹಾಕಿದವನು ನಾನು. ಅಂಥ ಕಾಗದ ಕೈಗೆ ಬಂದರೆ ಸುಮ್ನೆ ಇರೋಕಾಗುತ್ತಾ? ಹಳೆ ಡೈರಿಯ ಹಿಂದಿನ ಪುಟದಲ್ಲಿ ಪೆನ್ಸಿಲ್ ಹಿಡಿದು ಕೂತೆ.

12 ಲಕ್ಷ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಅದು ಕಂಪನಿಗೆ ನಿನ್ನಿಂದ ಆಗುವ ಖರ್ಚು, ನಿನ್ನ ಕೈಗೆ ಬರುವ ದುಡ್ಡಲ್ಲ. ಅದರಲ್ಲಿ 1,20,000 ವೇರಿಯಬಲ್. ಕಂಪನಿ ಚೆನ್ನಾಗಿ ನಡೆದರೆ, ನಿನ್ನ ಮ್ಯಾನೇಜರಿಗೆ ನೀನು ಇಷ್ಟವಾದರೆ, ವರ್ಷದ ಕೊನೆಗೆ. ಕಂಪನಿ ಕಟ್ಟುವ ಪಿಎಫ್ 72,000, ಅದನ್ನೂ ಸೇರಿಸಿದ್ದಾರೆ. ಗ್ರಾಚ್ಯುಟಿಗೆ ಅಂತ 28,860. ಐದು ವರ್ಷ ಇದ್ದರೆ ಮಾತ್ರ ಸಿಗುವ ದುಡ್ಡನ್ನು ಮೊದಲನೇ ದಿನವೇ ಸಂಬಳ ಅಂತ ತೋರಿಸುವುದನ್ನು ಯಾರು ಕಂಡುಹಿಡಿದರೋ, ಅವರಿಗೊಂದು ನಮಸ್ಕಾರ. ವಿಮೆಯ ಪ್ರೀಮಿಯಂ 15,140. ಇವೆಲ್ಲ ಕಳೆದರೆ ತಿಂಗಳಿಗೆ 80,333. ಅದರಲ್ಲಿ ನಿನ್ನ ಪಾಲಿನ ಪಿಎಫ್ 6,000 ಹೋಯಿತು, ವೃತ್ತಿ ತೆರಿಗೆ 200 ಹೋಯಿತು (ಫೆಬ್ರವರಿಯಲ್ಲಿ ಮಾತ್ರ 300). ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷ ಆದಾಯದವರೆಗೆ ತೆರಿಗೆ ಬೀಳುವುದಿಲ್ಲ, ಅದೊಂದು ಪುಣ್ಯ. ಕೈಗೆ ಬರುವುದು 74,000 ಚಿಲ್ಲರೆ. ಈಗ ನಿನಗೆ ಬರುತ್ತಿರುವುದು 51,000 ಚಿಲ್ಲರೆ.

ಇನ್ನು ಖರ್ಚು. ವೈಟ್‌ಫೀಲ್ಡ್ ಕಡೆ ನಿನ್ನ ಗೆಳತಿಯ ಮನೆಯಲ್ಲಿ ನಿನ್ನ ಪಾಲಿನ ಬಾಡಿಗೆ 16,000 ಅಂದೆ. ಊಟ, ಗ್ಯಾಸು, ಅಡುಗೆಯವರ ಸಂಬಳ ಎಲ್ಲ ಸೇರಿ 8,000 ಹಿಡಿದೆ. ಓಡಾಟಕ್ಕೆ 2,500. ತಿಂಗಳಿಗೆ ಎರಡು ಸಲ ಮೈಸೂರಿಗೆ ಬಂದು ಹೋಗಲು ಇನ್ನೊಂದು 2,500. ಒಟ್ಟು 29,000. ಉಳಿಯುವುದು 45,000. ಇಲ್ಲಿ ಅಮ್ಮನ ಕೈಗೆ ಕೊಡುವ 10,000, ಸ್ಕೂಟರ್ ಪೆಟ್ರೋಲ್ 1,500 ಕಳೆದರೆ ನಿನ್ನ ಹತ್ತಿರ 39,500 ಉಳಿಯುತ್ತಿದೆ. ನಾಲ್ಕು ಲಕ್ಷದ ಎಂಬತ್ತು ಸಾವಿರ ಜಾಸ್ತಿ ಅಂತ ಕಾಗದದಲ್ಲಿ ಕಂಡದ್ದು ಕೈಯಲ್ಲಿ ತಿಂಗಳಿಗೆ 5,500 ಆಯಿತು. ಅದೂ ಮನೆಗೆ ಕೊಡುವುದನ್ನು ನಿಲ್ಲಿಸಿದರೆ. ಅದನ್ನಂತೂ ನಿಲ್ಲಿಸು, ಈಗಲೇ ಹೇಳಿಬಿಡುತ್ತೇನೆ.

ಈ ಲೆಕ್ಕ ತೋರಿಸಿದ ಕೂಡಲೇ ಅಮ್ಮನಿಗೆ ಖುಷಿಯೋ ಖುಷಿ. "ದೂರದ ಬೆಟ್ಟ ನುಣ್ಣಗೆ, ನಾನು ಹೇಳಲಿಲ್ವಾ?" ಅಂದಳು. ಹತ್ತಿರದ ಬೆಟ್ಟವನ್ನು ದಿನಾ ಕಿಟಕಿಯಿಂದ ನೋಡುತ್ತೇವೆ, ಹತ್ತುವುದು ಮಾತ್ರ ಆಷಾಢ ಶುಕ್ರವಾರ ಅಲ್ವಾ ಅಂದೆ. ಆ ದಿನ ನನಗೆ ಕಾಫಿ ಸಿಗಲಿಲ್ಲ.

ಆದರೆ ಈ ಲೆಕ್ಕ ಅರ್ಧ ಮಾತ್ರ, ಪುಟ್ಟಿ. ಪಿಎಫ್‌ಗೆ ನಿನ್ನದೂ ಕಂಪನಿಯದೂ ಸೇರಿ ತಿಂಗಳಿಗೆ 4,800 ಜಾಸ್ತಿ ಬೀಳುತ್ತದೆ, ಅದು ನಿನ್ನದೇ ದುಡ್ಡು. ಮುಂದಿನ ವರ್ಷದ ಇನ್‌ಕ್ರಿಮೆಂಟು 12 ಲಕ್ಷದ ಮೇಲೆ ಬರುತ್ತದೆ, 7 ಲಕ್ಷದ 20 ಸಾವಿರದ ಮೇಲಲ್ಲ. ಅದರ ಮುಂದಿನ ಕಂಪನಿಯವರು "ಈಗ ಎಷ್ಟು?" ಅಂತ ಕೇಳಿದಾಗ ಹೇಳುವ ಅಂಕಿಯೂ ಬೇರೆ. ಮೊದಲ ವರ್ಷ ತೋರಿಸದ ವ್ಯತ್ಯಾಸವನ್ನು ಐದನೇ ವರ್ಷ ತೋರಿಸುತ್ತದೆ. ಸಂಬಳದ ರಿಜಿಸ್ಟರಿನಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಒಂದೇ ದಿನ ಸೇರಿದ ಇಬ್ಬರು, ಒಬ್ಬ ನಡುವೆ ಹೊರಗೆ ಹೋಗಿ ಮತ್ತೆ ಒಳಗೆ ಬಂದ. ಬಂದಾಗ ಇಲ್ಲೇ ಇದ್ದವನಿಗಿಂತ ಒಂದೂವರೆ ಪಟ್ಟು.

ಈಗ ನನ್ನ ಕಥೆ. ಲೆಕ್ಕ ಬರೆದದ್ದು ಸುಲಭವಾಗಿತ್ತು, ಇದು ಕಷ್ಟ.

1998ರಲ್ಲಿ, ನೀನು ಹುಟ್ಟುವ ಮುಂಚೆ, ನನಗೂ ಒಂದು ಆಫರ್ ಬಂದಿತ್ತು. ಇದು ನಿನಗೆ ಗೊತ್ತು. ಅಜ್ಜಿ ಅದನ್ನು ನೂರು ಸಲ ಹೇಳಿದ್ದಾರೆ. "ನನ್ನ ಮಗ ನನಗೋಸ್ಕರ ಬೆಂಗಳೂರಿನ ಕೆಲಸ ಬಿಟ್ಟ" ಅಂತ. ಬೀದಿಯವರಿಗೆ, ನೆಂಟರಿಗೆ, ಕೊನೆಗೆ ಆಸ್ಪತ್ರೆಯಲ್ಲಿ ನರ್ಸಿಗೂ ಹೇಳಿದರು. ಹೇಳುವಾಗ ಮೊದಮೊದಲು ಹೆಮ್ಮೆ ಇರುತ್ತಿತ್ತು. ಆಮೇಲೆ ಆಮೇಲೆ ಅದು ನೋವಾಯಿತು. ನನ್ನ ಸಂಬಳ ಸಾಲದೆ ಕೈಸಾಲ ಮಾಡಿದಾಗಲೆಲ್ಲ "ನನ್ನಿಂದ ಹೀಗಾಯ್ತು" ಅನ್ನುತ್ತಿದ್ದರು.

ನಡೆದದ್ದು ಬೇರೆ. ನಮ್ಮ ವಿಭಾಗದಲ್ಲೇ ಇದ್ದ ಒಬ್ಬ ಗೆಳೆಯ ಬೆಂಗಳೂರಿನ ಹೊಸ ಸಾಫ್ಟ್‌ವೇರ್ ಕಂಪನಿಯೊಂದರ ಅಕೌಂಟ್ಸಿಗೆ ಸೇರಿದ್ದ. ಅವನೇ ನನ್ನ ಹೆಸರು ಹೇಳಿದ್ದು. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಹೋದೆ. ಜಯನಗರದಲ್ಲಿ ಎರಡನೇ ಮಹಡಿಯ ಆಫೀಸು. ಮಾತೆಲ್ಲ ಚೆನ್ನಾಗಿ ಆಯಿತು. ಪಿಎಫ್, ಇಎಸ್‌ಐ, ಬೋನಸ್ ಏನು ಕೇಳಿದರೂ ಪಟಪಟ ಹೇಳಿದೆ. ಆಮೇಲೆ "ಬನ್ನಿ, ಸಂಬಳ ಮಾಡೋ ಜಾಗ ತೋರಿಸ್ತೀವಿ" ಅಂತ ಒಂದು ಕೋಣೆಗೆ ಕರೆದುಕೊಂಡು ಹೋದರು. ಎಸಿ ಹಾಕಿದ ಕೋಣೆ. ಆಗೆಲ್ಲ ಕಂಪ್ಯೂಟರ್ ಇಟ್ಟಿರುವ ಕೋಣೆಗೆ ಚಪ್ಪಲಿ, ಶೂ ಬಿಟ್ಟು ಹೋಗಬೇಕಿತ್ತು. ಧೂಳು ಬೀಳಬಾರದು ಅಂತ. ದೇವರ ಮನೆಯ ಥರ. ಶೂ ಬಿಚ್ಚಿದೆ. ಬಲಗಾಲಿನ ಸಾಕ್ಸಿನಲ್ಲಿ ತೂತು, ಹೆಬ್ಬೆರಳು ಪೂರ್ತಿ ಹೊರಗೆ.

ಇಪ್ಪತ್ತು ನಿಮಿಷ ಆ ಬೆರಳನ್ನು ಎಡಗಾಲಿನ ಕೆಳಗೆ ಮುಚ್ಚಿಕೊಂಡು ನಿಂತಿದ್ದೆ. ಒಬ್ಬ ಹುಡುಗ, ನನಗಿಂತ ಹತ್ತು ವರ್ಷ ಚಿಕ್ಕವನಿರಬೇಕು, ಮಾನಿಟರಿನ ಮೇಲಿನ ಬಟ್ಟೆ ತೆಗೆದು ಏನೋ ಒತ್ತಿದ. ಇನ್ನೂರು ಜನರ ಸಂಬಳದ ಪಟ್ಟಿ ಸರಸರ ಅಂತ ಪ್ರಿಂಟಾಗಿ ಬಂತು. ನಾನು ನಾಲ್ಕು ದಿನ ಕೂತು, ಎರಡು ಸಲ ಕೂಡಿ, ಕೆಂಪು ಶಾಯಿಯಲ್ಲಿ ಟಿಕ್ ಹಾಕಿ ಮಾಡುತ್ತಿದ್ದ ಕೆಲಸ. "ನಿಮಗೂ ಕಲಿಸ್ತೀವಿ ಸರ್, ಬಹಳ ಈಸಿ" ಅಂದ. ನನಗೆ ಬೆವರು, ಆ ಎಸಿಯಲ್ಲಿ.

ಸಾಯಂಕಾಲ ಆಫರ್ ಲೆಟರ್ ಕೈಗೇ ಕೊಟ್ಟರು. ಇಲ್ಲಿ 4,600 ಬರುತ್ತಿತ್ತು, ಅಲ್ಲಿ 8,500. ವಾಪಸು ಬರುವಾಗ ಮದ್ದೂರಿನಲ್ಲಿ ಒಂದು ಪೊಟ್ಟಣ ವಡೆ ತೆಗೆದುಕೊಂಡು ಲೆಟರ್ ಇದ್ದ ಚೀಲದಲ್ಲೇ ಇಟ್ಟುಕೊಂಡೆ. ಮನೆಗೆ ಬಂದಾಗ ಅಮ್ಮ, ಅಜ್ಜಿ ಇಬ್ಬರೂ ಬಾಗಿಲಲ್ಲೇ ನಿಂತಿದ್ದರು. ಕಂಪ್ಯೂಟರ್ ಕಂಡು ಹೆದರಿ ಓಡಿ ಬಂದೆ ಅಂತ ಹೇಗೆ ಹೇಳಲಿ? "ಸಂಬಳ ಜಾಸ್ತಿ, ಆದರೆ ಅವ್ವನಿಗೆ ಆ ಊರು ಆಗಿಬರಲ್ಲ" ಅಂದುಬಿಟ್ಟೆ. ಬಾಯಿಗೆ ತಾನಾಗಿ ಬಂತು. ಅಜ್ಜಿ ಕೂಡಲೇ "ನನಗೇನಾಗುತ್ತೆ, ನಾನೂ ಬರ್ತೀನಿ, ಹೋಗೋಣ" ಅಂದರು. ಎರಡು ದಿನ ಅಂದರು. ನಾನು ತ್ಯಾಗ ಮಾಡುವವನ ಮುಖ ಮಾಡಿಕೊಂಡು ತಲೆಯಾಡಿಸಿದೆ.

ತಮಾಷೆ ಏನು ಗೊತ್ತಾ? ಎರಡು ವರ್ಷದೊಳಗೆ ನಮ್ಮ ಫ್ಯಾಕ್ಟರಿಗೂ ಕಂಪ್ಯೂಟರ್ ಬಂತು. ಮೂರು ವಾರದಲ್ಲಿ ಕಲಿತೆ. ಆ ಹುಡುಗ ಹೇಳಿದ್ದು ನಿಜ, ಬಹಳ ಈಸಿ.

ಅಜ್ಜಿಗೆ ಮಾತ್ರ ನಾನು ಕೊನೆಯ ತನಕ ಹೇಳಲಿಲ್ಲ. ನೀನು ಹುಟ್ಟಿದೆ, ಶಾಲೆಗೆ ಹೋದೆ, ಇಂಜಿನಿಯರಿಂಗ್ ಮುಗಿಸಿದೆ. ಅಷ್ಟು ವರ್ಷ ನನ್ನ ಭಯವನ್ನು ಅವರು ತಮ್ಮ ತಪ್ಪು ಅಂತ ಹೊತ್ತುಕೊಂಡಿದ್ದರು.

ಇಷ್ಟು ಯಾಕೆ ಬರೆದೆ ಅಂದರೆ, ಬುಧವಾರ ರಾತ್ರಿ ನೀನು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದೆ: "ಅಪ್ಪ ಅಮ್ಮನಿಗೆ ವಯಸ್ಸಾಯ್ತು ಕಣೇ, ಬಿಟ್ಟು ಹೇಗೆ ಹೋಗಲಿ." ಕದ್ದು ಕೇಳಲಿಲ್ಲ, ನಲ್ಲಿ ನಿಲ್ಲಿಸಲು ಎದ್ದಿದ್ದೆ. ಕೇಳಿ ಎದೆ ಧಸಕ್ಕೆಂದಿತು. ನನಗೆ 66, ಅಮ್ಮನಿಗೆ 60. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯನ್ನು ಒಂದು ಸುತ್ತು ಹಾಕುತ್ತೇವೆ. ನಮ್ಮನ್ನು ಇದರಲ್ಲಿ ಎಳೆಯಬೇಡ. ಇಲ್ಲೇ ಇರಬೇಕು ಅನ್ನಿಸಿದರೆ ಇರು. ಆದರೆ "ನನಗೆ ಈ ಕೆಲಸ ಇಷ್ಟ" ಅಂತಲೋ, "ನನಗೆ ಬೆಂಗಳೂರು ಬೇಡ" ಅಂತಲೋ, "ಭಯ ಆಗ್ತಿದೆ" ಅಂತಲೋ ಬಾಯಿಬಿಟ್ಟು ಹೇಳಿ ಇರು. ಭಯ ಅಂದರೂ ಪರವಾಗಿಲ್ಲ. ನನ್ನ ಹತ್ತಿರ ಹೇಳಿದರೆ ನಾನೇನು ನಗುತ್ತೇನಾ, ಈ ಸಾಕ್ಸಿನ ಕಥೆ ಆದ ಮೇಲೆ?

ನನ್ನ ಅಭಿಪ್ರಾಯ ಕೇಳಿದರೆ, ಹೋಗು ಅನ್ನುತ್ತೇನೆ. 5,500 ರೂಪಾಯಿಗಲ್ಲ, ಅಷ್ಟಕ್ಕೆ ಯಾರೂ ಊರು ಬಿಡಬಾರದು. ಯುಗಾದಿಯ ಹಿಂದಿನ ದಿನ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಾ ನೀನು ಒಂದು ಮಾತು ಹೇಳಿದೆ: "ಎರಡು ವರ್ಷದಿಂದ ಹೊಸದೇನೂ ಕಲಿತಿಲ್ಲ ಅಪ್ಪ, ಕಣ್ಣು ಮುಚ್ಚಿಕೊಂಡು ಮಾಡ್ತೀನಿ." ಆಗ ಈ ಆಫರ್ ಬಂದಿರಲಿಲ್ಲ. ಹಾಗಾಗಿ ಆ ಮಾತನ್ನು ನಾನು ನಂಬುತ್ತೇನೆ. ಹದಿನೈದು ನಿಮಿಷದಲ್ಲಿ ಇಲ್ಲೇ ಮೈಸೂರಿನ ಹೆಬ್ಬಾಳದ ಆಫೀಸು, ಆರೂಕಾಲಿಗೆ ಮನೆ, ಬಿಸಿ ಬಿಸಿ ಚಪಾತಿ. ಇದೆಲ್ಲ ಸುಖವೇ, ನಾನೂ ಅನುಭವಿಸಿದ್ದೇನೆ. ಆದರೆ 27ನೇ ವಯಸ್ಸಿಗೆ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ ಬೇಗ ಆಯಿತು ಅಂತ ನನಗೆ ಅನ್ನಿಸುತ್ತದೆ.

ಹೋಗುವುದಾದರೆ ಅವಸರ ಮಾಡಬೇಡ. ನೀನು ಸೇರಿದ್ದು 2021ರ ಆಗಸ್ಟ್ 9. ಈ ಶುಕ್ರವಾರ ರಾಜೀನಾಮೆ ಕೊಟ್ಟರೆ 60 ದಿನದ ನೋಟಿಸ್ ಜುಲೈ 21ಕ್ಕೆ ಮುಗಿಯುತ್ತದೆ. ಗ್ರಾಚ್ಯುಟಿಗೆ ಬೇಕಾದ ಐದು ವರ್ಷಕ್ಕೆ ಮೂರು ವಾರವೂ ಬಾಕಿ ಇರುವುದಿಲ್ಲ. ನಿನ್ನ ಬೇಸಿಕ್, ಅಂದರೆ ಮೂಲ ಸಂಬಳ, 30,000ಕ್ಕೆ ವರ್ಷಕ್ಕೆ ಹದಿನೈದು ದಿನದ ಲೆಕ್ಕ, 26ರಿಂದ ಭಾಗಿಸಿ ಐದರಿಂದ ಗುಣಿಸಿದರೆ 86,538 ರೂಪಾಯಿ. ಹೀಗೆ ಕೆಲವೇ ದಿನದಲ್ಲಿ ಗ್ರಾಚ್ಯುಟಿ ಬಿಟ್ಟು ಹೋದವರ ಫೈಲುಗಳನ್ನು ನಾನೇ ಮುಚ್ಚಿದ್ದೇನೆ. ಹೊಟ್ಟೆ ಉರಿಯುತ್ತಿತ್ತು. ಕಳೆದ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂದ ಮೇಲೆ "ಇನ್ನು ಒಂದೇ ವರ್ಷಕ್ಕೆ ಗ್ರಾಚ್ಯುಟಿ" ಅಂತ ವಾಟ್ಸ್‌ಆಪ್‌ನಲ್ಲಿ ಓಡಾಡುತ್ತಿದೆ. ಅದು ಇಷ್ಟು ಅವಧಿಗೆ ಅಂತ ಕರಾರಿನ ಮೇಲೆ ಸೇರಿದವರಿಗೆ. ನಿನ್ನಂಥ ಕಾಯಂ ನೌಕರರಿಗೆ ಐದು ವರ್ಷವೇ. ಜೂನ್ 15ಕ್ಕೆ ರಾಜೀನಾಮೆ ಕೊಟ್ಟರೆ ಆಗಸ್ಟ್ 14ಕ್ಕೆ ಬಿಡುಗಡೆ. 17, ಸೋಮವಾರ ಬರುತ್ತೇನೆ ಅಂತ ಅವರಿಗೆ ಬರೆದು ಕೇಳು. ಬೇಕಾದವರಾದರೆ ಕಾಯುತ್ತಾರೆ.

ಆ ಜಾಯ್ನಿಂಗ್ ಬೋನಸ್ ಒಂದು ಲಕ್ಷವನ್ನು ಮುಟ್ಟಬೇಡ. ಒಂದು ವರ್ಷದೊಳಗೆ ಬಿಟ್ಟರೆ ವಾಪಸು ಕೊಡಬೇಕು ಅಂತ ಆರನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿದೆ. ಹಾಗಾಗಿ ಅದು ಒಂದು ವರ್ಷದ ತನಕ ಅವರದೇ ದುಡ್ಡು. ಅಲ್ಲಿ ನೋಟಿಸ್ 90 ದಿನ, ಅದನ್ನೂ ನೋಡಿಕೋ. ಹೋದ ವರ್ಷ ವೇರಿಯಬಲ್ ಎಷ್ಟು ಪರ್ಸೆಂಟ್ ಕೊಟ್ಟರು ಅಂತ ಎಚ್‌ಆರ್ ಹತ್ತಿರ ಕೇಳಬೇಡ, ಅಲ್ಲಿ ಕೆಲಸ ಮಾಡುವವರನ್ನು ಕೇಳು. ಪಿಎಫ್ ತೆಗೆಯಬೇಡ, ಹೊಸ ಕಡೆಗೆ ವರ್ಗ ಮಾಡಿಸು. ನಿನ್ನ ಪಿಎಫ್‌ನ ಯುಎಎನ್ ನಂಬರ್ ಅದೇ ಇರುತ್ತದೆ.

ವಿಮೆಯ ವಿಷಯಕ್ಕೆ ನೀನು ತಲೆ ಕೆಡಿಸಿಕೊಂಡಿದ್ದೀಯ ಅಂತ ಗೊತ್ತು. ಈಗಿನ ಕಂಪನಿಯ ಗ್ರೂಪ್ ವಿಮೆಯಲ್ಲಿ ನಾವಿಬ್ಬರೂ ಇದ್ದೇವೆ, ಅಮ್ಮನ ಕಣ್ಣಿನ ಪೊರೆಯ ಆಪರೇಷನ್ ಅದರಲ್ಲೇ ಆಯಿತು. ಹೊಸ ಕಡೆ ಅಪ್ಪ ಅಮ್ಮನನ್ನು ಸೇರಿಸುವುದಿಲ್ಲ. ನಾವೇ ಹೊಸ ಪಾಲಿಸಿ ಮಾಡಿಸಿದರೆ ಅಮ್ಮನ ಶುಗರಿಗೆ ಮೂರು ವರ್ಷದ ತನಕ ಕಾಯಿಸಬಹುದು. ನಾಳೆ ಇನ್ಶೂರೆನ್ಸ್ ಆಫೀಸಿಗೆ ನಾನೇ ಹೋಗುತ್ತೇನೆ. ಗ್ರೂಪಿನಿಂದ ಅದೇ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳುವ ದಾರಿ ಇದೆ. ಪ್ರೀಮಿಯಂ ನನ್ನ ಎಫ್‌ಡಿ ಬಡ್ಡಿಯಿಂದ ಕಟ್ಟುತ್ತೇನೆ. ಈ ಕೆಲಸ ನನಗೆ ಬಿಡು. ರಿಟೈರ್ ಆದವನಿಗೆ ಕ್ಯೂ ನಿಲ್ಲುವುದೂ ಒಂದು ಕಾಲಕ್ಷೇಪ.

ನನ್ನ ಆ ಆಫರ್ ಲೆಟರ್ ಇನ್ನೂ ಇದೆ. ಬೀರುವಿನ ಮೇಲಿನ ಖಾನೆಯಲ್ಲಿ, ಅಜ್ಜಿಯ ಬ್ಯಾಂಕ್ ಪಾಸ್‌ಬುಕ್ಕಿನ ಕೆಳಗೆ. ಮೂಲೆಯಲ್ಲಿ ಮದ್ದೂರು ವಡೆಯ ಎಣ್ಣೆ ಕಲೆ. ಬೇಕಾದರೆ ತೆಗೆದು ನೋಡು. ಅಮ್ಮನಿಗೆ ತೋರಿಸಬೇಡ. ಅವಳಿಗೂ ಇನ್ನೂ ನಾನು ಹೇಳಿಲ್ಲ, ಈ ವಾರ ಹೇಳುತ್ತೇನೆ.

ನಿನ್ನ
ಅಪ್ಪ

ಮರೆತಿದ್ದೆ: ಹೋಗುವುದು ಗಟ್ಟಿಯಾದರೆ ಈಗಿನ ಕಂಪನಿಯ ಸ್ಯಾಲರಿ ಸ್ಲಿಪ್ಪುಗಳನ್ನೆಲ್ಲ ಮೊದಲೇ ಇಳಿಸಿಕೊಂಡು ಇಟ್ಟುಕೋ. ಲಾಗಿನ್ ಮುಚ್ಚಿದ ಮೇಲೆ ಕೇಳಿದರೆ ಯಾರೂ ಕೊಡಲ್ಲ. ನಾನೇ ಎಷ್ಟು ಜನರನ್ನು ಅಲೆಸಿದ್ದೇನೋ.